ಏರೋಪ್ಲೇನ್ ಚಿಟ್ಟೆಗಳ ಸ್ವಯಂಸೇವಾ ದಾಖಲಾತಿ ಮತ್ತು ದೇಸಿ ಹೆಸರುಗಳ ನಕಾಶೆ: ತಿಂಥಣಿ ಪರಿಸರದ ಹಿನ್ನೆಲೆಯಲ್ಲಿ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ತಿಂಥಣಿ ಕೃಷ್ಣಾ ನದಿಯ ಎಡದಂಡೆಯ ಮೇಲಿರುವ ಊರು. ಹಿಂದೂ ಮತ್ತು ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ಮೌನೇಶ್ವರರ ಕ್ಷೇತ್ರವೆಂದು ಅದು ನಾಡಿಗೆ ಪರಿಚಿತವಾಗಿದೆ. ಭರತ ಹುಣ್ಣಿಮೆಯ ಜಾತ್ರೆ, ಭಜನೆ, ಮೌನೇಶ್ವರರ ವಚನಗಳು ಮತ್ತು ಅವರ ಸುತ್ತ ಬೆಳೆದ ಐತಿಹ್ಯಗಳು ವಿದ್ವಾಂಸರ ಗಮನವನ್ನು ಸೆಳೆದಿವೆ. ಆದರೆ ಅದೇ ಹೊಳೆಯ ದಂಡೆಯಲ್ಲಿ, ಕಾಲುವೆಯ ಅಂಚಿನಲ್ಲಿ, ಹೊಲದ ಬದುವಿನಲ್ಲಿ ಮಳೆಗಾಲದುದ್ದಕ್ಕೂ ಹಾರಾಡುವ ಒಂದು ಕೀಟವನ್ನು ಜನ ಏನೆಂದು ಕರೆಯುತ್ತಾರೆ, ಅದರ ಬರವಿನಿಂದ ಯಾವ ಸೂಚನೆಯನ್ನು ಪಡೆಯುತ್ತಾರೆ ಎಂಬುದು ಜಾನಪದ ಅಧ್ಯಯನದ ಕಕ್ಷೆಯೊಳಗೆ ಬಂದದ್ದು ಕಡಿಮೆ. ಕನ್ನಡನಾಡಿನ ಹಲವೆಡೆ ಏರೋಪ್ಲೇನ್ ಚಿಟ್ಟೆ ಎಂದೂ ಹೆಲಿಕಾಪ್ಟರ್ ಹುಳ ಎಂದೂ ಕರೆಯಿಸಿಕೊಳ್ಳುವ ಈ ಕೀಟವನ್ನು ಸಾಮಾನ್ಯ ಜನರೇ ಗುರುತಿಸಿ, ಬರೆದಿಟ್ಟು, ಒಂದು ಜಿಲ್ಲೆಯ ನಕಾಶೆಯ ಮೇಲೆ ಮೂಡಿಸುವ ಪದ್ಧತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜೊತೆಗೆ, ಹೆಸರಿನ ದಾಖಲಾತಿಯಿಲ್ಲದೆ ಜೀವಿಯ ದಾಖಲಾತಿ ಈ ಭಾಗದಲ್ಲಿ ಅಪೂರ್ಣವಾಗುತ್ತದೆ ಎಂಬುದನ್ನೂ ಇಲ್ಲಿ ಪ್ರತಿಪಾದಿಸಲಾಗಿದೆ.

ಜೀವಿಯ ಸ್ವರೂಪ

ಓಡೊನೇಟಾ ಎಂಬ ಗಣಕ್ಕೆ ಸೇರಿದ ಈ ಕೀಟಗಳಲ್ಲಿ ಪ್ರಪಂಚದಾದ್ಯಂತ ಆರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದಲ್ಲಿ ಸುಮಾರು 500 ಪ್ರಭೇದಗಳು ದಾಖಲಾಗಿದ್ದು, ಅವುಗಳಲ್ಲಿ ಹೆಚ್ಚಿನ ಪಾಲು ಪಶ್ಚಿಮ ಘಟ್ಟ ಮತ್ತು ಈಶಾನ್ಯ ಭಾರತಕ್ಕೆ ಸೇರಿವೆ. ಕುಳಿತಾಗ ರೆಕ್ಕೆಗಳನ್ನು ಅಗಲವಾಗಿ ಹರಡುವ ದಪ್ಪದೇಹದವು ಒಂದು ಬಗೆ. ಕಡ್ಡಿಯಂತಹ ಸಪೂರ ದೇಹವಿದ್ದು ಬಹುಮಟ್ಟಿಗೆ ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಚಿಕೊಳ್ಳುವವು ಇನ್ನೊಂದು ಬಗೆ. ಜನಬಳಕೆಯ ಹೆಸರಿನಲ್ಲಿ 'ಚಿಟ್ಟೆ' ಎಂಬ ಮಾತಿದ್ದರೂ ಇವು ಪಾತರಗಿತ್ತಿಯ ಗಣಕ್ಕೆ ಸೇರಿದವಲ್ಲ. ಇವು ಹೂವಿನ ಮಕರಂದ ಹೀರುವುದಿಲ್ಲ. ಸೊಳ್ಳೆ, ನೊಣ ಮೊದಲಾದ ಸಣ್ಣ ಕೀಟಗಳನ್ನು ಹಾರಾಟದಲ್ಲಿಯೇ ಹಿಡಿದು ತಿನ್ನುವ ಬೇಟೆಗಾರ ಕೀಟಗಳು.

ದಾಖಲಾತಿಯ ದೃಷ್ಟಿಯಿಂದ ಇವುಗಳ ಜೀವನಕ್ರಮದ ಒಂದು ಅಂಶ ಮುಖ್ಯವಾಗಿದೆ. ಮೊಟ್ಟೆಯಿಂದ ಹೊರಬಂದ ಲಾರ್ವ ನೀರಿನಲ್ಲಿಯೇ ಬೆಳೆಯುತ್ತದೆ. ಕೆಲವು ಪ್ರಭೇದಗಳಿಗೆ ಈ ಬೆಳವಣಿಗೆಗೆ ಎರಡು ತಿಂಗಳೂ ಬೇಡ; ಕೆಲವಕ್ಕೆ ವರ್ಷಗಳೇ ಬೇಕು. ಬೆಳವಣಿಗೆ ಮುಗಿದ ಮೇಲೆ ಲಾರ್ವ ಜೊಂಡಿನ ಅಥವಾ ಕಲ್ಲಿನ ಮೇಲೇರಿ, ಪೊರೆ ಬಿಟ್ಟು, ರೆಕ್ಕೆಯ ಕೀಟವಾಗುತ್ತದೆ. ಆದುದರಿಂದ ಒಂದು ಕಡೆ ಇಂತಹ ಪ್ರಭೇದ ಬೆಳೆಯುತ್ತಿದೆಯೆಂದರೆ ಅಲ್ಲಿ ಇಂತಹ ಗುಣದ ನೀರು ಇಷ್ಟು ಕಾಲ ನಿಂತಿದೆ ಎಂದು ಹೇಳಲು ಸಾಧ್ಯವಾಗುತ್ತದೆ. ಹರಿಯುವ ತಿಳಿನೀರು, ನಿಂತ ಕೆರೆ, ಭತ್ತದ ಗದ್ದೆ, ಬಂಡೆಯ ಹೊಂಡ, ಊರ ಚರಂಡಿ ಹೀಗೆ ಒಂದೊಂದು ನೀರಿಗೆ ಒಂದೊಂದು ಪ್ರಭೇದಸಮೂಹವಿದೆ. ಬ್ರಾಕಿಥೆಮಿಸ್ ಕಂಟಾಮಿನಾಟಾ ಎಂಬುದು ಕೊಳೆನೀರನ್ನೂ ಸಹಿಸಿ ಬದುಕಿದರೆ, ಬ್ರಾಡಿನೋಪಿಗಾ ಜೆಮಿನಾಟಾ ಎಂಬುದು ಬಂಡೆಯ ಹೊಂಡ, ಬಾವಿ, ಸಿಮೆಂಟಿನ ತೊಟ್ಟಿಗಳಲ್ಲಿ ಬೆಳೆದು, ಕಣಶಿಲೆಯ ಮೇಲೆ ಕುಳಿತರೆ ಕಲ್ಲಿನ ಬಣ್ಣದಲ್ಲಿ ಬೆರೆತು ಕಾಣದಂತಾಗುತ್ತದೆ. ಹೀಗಾಗಿ ಇವುಗಳ ನಕಾಶೆ ಒಂದರ್ಥದಲ್ಲಿ ಆ ಜಿಲ್ಲೆಯ ನೀರಿನ ನಕಾಶೆಯೇ ಆಗಿರುತ್ತದೆ.

ಸ್ವಯಂಸೇವಾ ದಾಖಲಾತಿಯ ಪದ್ಧತಿ

ಈ ಪದ್ಧತಿ ಹೆಚ್ಚು ಪರಿಪಕ್ವಗೊಂಡಿರುವುದು ಬ್ರಿಟನ್ನಿನಲ್ಲಿ. ಅಲ್ಲಿ ಸಸ್ಯಗಳ ಹರವನ್ನು ಗುರುತಿಸಲು ಎಚ್.ಸಿ. ವಾಟ್ಸನ್ 1852ರಲ್ಲಿ ನಾಡನ್ನು 112 ಘಟಕಗಳಾಗಿ ವಿಂಗಡಿಸಿದನು. ಆಡಳಿತದ ಕೌಂಟಿಗಳನ್ನು ಆಧರಿಸಿದ್ದರೂ ಈ ಘಟಕಗಳ ಗಡಿ ಸ್ಥಿರವಾದುದು. ಆಡಳಿತದ ಗಡಿಗಳು ಮುಂದೆ ಎಷ್ಟೋ ಸಲ ಬದಲಾದರೂ ಇವು ಬದಲಾಗಲಿಲ್ಲ. ಏರೋಪ್ಲೇನ್ ಚಿಟ್ಟೆಗಳ ದಾಖಲಾತಿ ಯೋಜನೆ ಅಲ್ಲಿ 1968ರಲ್ಲಿ ಆರಂಭವಾಯಿತು. 1983ರಲ್ಲಿ ಬ್ರಿಟಿಷ್ ಡ್ರ್ಯಾಗನ್‌ಫ್ಲೈ ಸೊಸೈಟಿ ಸ್ಥಾಪನೆಗೊಂಡಿತು. ಶಿಕ್ಷಕರು, ಅಂಚೆಯವರು, ನಿವೃತ್ತರು, ವಿದ್ಯಾರ್ಥಿಗಳು ಹೀಗೆ ವಿಜ್ಞಾನವನ್ನು ವೃತ್ತಿಯಾಗಿ ಹೊಂದಿಲ್ಲದವರೂ ತಾವು ಕಂಡುದನ್ನು ಬರೆದು ಕಳುಹಿಸುವುದು, ಪ್ರತಿ ಘಟಕಕ್ಕೆ ಒಬ್ಬ ಅನುಭವಿ ಪರಿಶೀಲಕ ಅದನ್ನು ಸರಿನೋಡಿ ಒಪ್ಪುವುದು ಅಲ್ಲಿನ ಕ್ರಮ.

ಒಂದು ದಾಖಲೆ ದಾಖಲೆ ಎನಿಸಿಕೊಳ್ಳಲು ನಾಲ್ಕು ಅಂಗಗಳಿರಬೇಕು: ಯಾವ ಜೀವಿ, ಎಲ್ಲಿ, ಯಾವಾಗ, ಕಂಡವರು ಯಾರು. ಇವುಗಳಲ್ಲಿ ಒಂದು ಇಲ್ಲವಾದರೂ ಮಿಕ್ಕ ಮೂರು ನಿಷ್ಪ್ರಯೋಜಕವಾಗುತ್ತವೆ. ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡಿನ ಪಠ್ಯದೊಂದಿಗೆ ವಕ್ತೃವಿನ ಹೆಸರು, ಊರು, ಸಂಗ್ರಹಿಸಿದ ದಿನ, ಸಂದರ್ಭಗಳನ್ನು ಬರೆದುಕೊಳ್ಳಬೇಕೆಂಬ ನಿಯಮ ಇದಕ್ಕಿಂತ ಬೇರೆಯಾದುದಲ್ಲ. ಇವುಗಳ ಜೊತೆಗೆ ಎಷ್ಟು ಸಂಖ್ಯೆಯಲ್ಲಿ ಕಂಡವು, ಜೋಡಿಯಾಗಿ ಹಾರುತ್ತಿದ್ದವೇ, ನೀರಿಗೆ ಮೊಟ್ಟೆಯಿಡುತ್ತಿದ್ದವೇ, ಪೊರೆ ದೊರೆಯಿತೇ ಎಂಬ ವಿವರಗಳೂ ಸೇರುತ್ತವೆ. ಹಾರುವ ಕೀಟ ಎಲ್ಲಿಂದಲೋ ಬಂದಿರಬಹುದು. ಆದರೆ ಪೊರೆ ದೊರೆತರೆ ಅದು ಅಲ್ಲಿಯೇ ಬೆಳೆಯಿತೆಂಬುದಕ್ಕೆ ನಿರ್ವಿವಾದವಾದ ಸಾಕ್ಷಿ.

ಹೀಗೆ ಒದಗಿದ ದಾಖಲೆಗಳನ್ನು 10 ಕಿಲೋಮೀಟರ್ ಅಗಲ, 10 ಕಿಲೋಮೀಟರ್ ಉದ್ದದ ಚೌಕಗಳಿಗೆ ಹೊಂದಿಸಲಾಗುತ್ತದೆ. ಜೀವಿ ಕಂಡ ಚೌಕದಲ್ಲಿ ಒಂದು ಚುಕ್ಕೆ ಬೀಳುತ್ತದೆ. ಚುಕ್ಕೆಯಿಲ್ಲದ ಚೌಕಕ್ಕೆ ಎರಡು ಅರ್ಥಗಳಿವೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು: ಅಲ್ಲಿ ಜೀವಿ ಇಲ್ಲದಿರಬಹುದು, ಅಥವಾ ಅಲ್ಲಿಗೆ ನೋಡುವವರು ಹೋಗದಿರಬಹುದು. ಈ ಎರಡನ್ನು ಬೇರ್ಪಡಿಸಲು ದಾಖಲೆಗಾರರು ಒಂದು ಭೇಟಿಯಲ್ಲಿ ಕಂಡ ಎಲ್ಲ ಪ್ರಭೇದಗಳ ಪೂರ್ಣ ಪಟ್ಟಿಯನ್ನು ಸಲ್ಲಿಸುತ್ತಾರೆ. ಪೂರ್ಣ ಪಟ್ಟಿಗಳು ಪದೇಪದೇ ಬಂದ ಚೌಕದಲ್ಲಿ ಒಂದು ಪ್ರಭೇದದ ಹೆಸರು ಕಾಣದಿದ್ದರೆ ಮಾತ್ರ ಅದರ ಗೈರುಹಾಜರಿಗೆ ಬೆಲೆ ಬರುತ್ತದೆ.

ಈ ಶ್ರಮದ ಫಲ ದೀರ್ಘಕಾಲದಲ್ಲಿ ತಿಳಿಯುತ್ತದೆ. ಆ ಸೊಸೈಟಿ 2021ರಲ್ಲಿ ಪ್ರಕಟಿಸಿದ ವರದಿಗೆ ಸುಮಾರು 17,000 ದಾಖಲೆಗಾರರು ಒದಗಿಸಿದ 14 ಲಕ್ಷ ದಾಖಲೆಗಳು ಆಧಾರವಾದವು. 1970ರಿಂದೀಚೆಗೆ ಅಲ್ಲಿನ ಪ್ರಭೇದಗಳಲ್ಲಿ ಶೇಕಡ 40ಕ್ಕೂ ಮಿಕ್ಕವು ಹೆಚ್ಚಿವೆ, ಶೇಕಡ 11ರಷ್ಟು ಕುಸಿದಿವೆ ಎಂಬುದು ಅದರ ನಿರ್ಣಯ. ತಾಪಮಾನ ಏರಿದಂತೆ ದಕ್ಷಿಣದ ಪ್ರಭೇದಗಳು ಉತ್ತರಕ್ಕೆ ಸರಿದುದು, ತಂಪಾದ ಜೌಗುನೆಲವನ್ನು ನಂಬಿದವು ಹಿಂದೆಗೆದುದು ಇದರಿಂದ ಸ್ಪಷ್ಟಪಟ್ಟಿತು. ಒಬ್ಬ ವಿಜ್ಞಾನಿ ತನ್ನ ಜೀವಮಾನದಲ್ಲಿ ಇಂತಹ ನಿರ್ಣಯಕ್ಕೆ ಬರಲಾರ.

ಭಾರತ ಮತ್ತು ಕರ್ನಾಟಕದ ಅನುಭವ

ಭಾರತದ ಏರೋಪ್ಲೇನ್ ಚಿಟ್ಟೆಗಳ ಅಧ್ಯಯನಕ್ಕೆ ಎಫ್.ಸಿ. ಫ್ರೇಸರ್ 1933, 1934 ಮತ್ತು 1936ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳು ತಳಹದಿ. ಆತ ಸೇನೆಯ ವೈದ್ಯಾಧಿಕಾರಿ. ಕೀಟಶಾಸ್ತ್ರ ಆತನ ಹವ್ಯಾಸ. ದಕ್ಷಿಣದಲ್ಲಿ ಆತನ ಶೋಧ ಹೆಚ್ಚಾಗಿ ಕೊಡಗು, ನೀಲಗಿರಿ ಮೊದಲಾದ ಬೆಟ್ಟನಾಡುಗಳಲ್ಲಿ ನಡೆಯಿತು. ಮುಂದೆ 2005ರಲ್ಲಿ ಕೆ.ಎ. ಸುಬ್ರಮಣಿಯನ್ ಅವರು ಸಿದ್ಧಪಡಿಸಿದ ದಕ್ಷಿಣ ಭಾರತ ಪರ್ಯಾಯದ್ವೀಪದ ಕ್ಷೇತ್ರ ಕೈಪಿಡಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತಂದಿತು. ಕೀಟವನ್ನು ಕೊಂದು ಸೂಜಿಗೆ ಚುಚ್ಚದೆ, ಬಣ್ಣ, ರೆಕ್ಕೆಯ ಗುರುತು, ಕುಳಿತುಕೊಳ್ಳುವ ರೀತಿಗಳಿಂದಲೇ ಗುರುತಿಸಲು ಅದು ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ದಾರಿ ಮಾಡಿಕೊಟ್ಟಿತು. ಅಂಕೀಯ ಕ್ಯಾಮೆರಾ ಮತ್ತು ಮೊಬೈಲ್ ಫೋನುಗಳ ಬಳಕೆ ಹೆಚ್ಚಿದ ಮೇಲೆ ಛಾಯಾಚಿತ್ರವೇ ದಾಖಲೆಯ ಆಧಾರವಾಯಿತು. 2008ರಲ್ಲಿ ಆರಂಭಗೊಂಡ ಭಾರತ ಜೀವವೈವಿಧ್ಯ ಪೋರ್ಟಲ್ ಮೊದಲಾದ ಸಾರ್ವಜನಿಕ ಭಂಡಾರಗಳಲ್ಲಿ ಇಂತಹ ಚಿತ್ರಗಳು ಸ್ಥಳ ಮತ್ತು ದಿನಾಂಕಸಹಿತ ಸಂಗ್ರಹವಾಗುತ್ತಿವೆ.

ಚೌಕಗಳಿಗೆ ಅನುಸಾರವಾಗಿ ಸ್ವಯಂಸೇವಕರು ನಕಾಶೆ ರಚಿಸಿದ ನಿದರ್ಶನಗಳು ಪಕ್ಷಿಗಳ ವಿಷಯದಲ್ಲಿ ನಮ್ಮಲ್ಲಿಯೂ ಇವೆ. ಮೈಸೂರು ನಗರದ ಪಕ್ಷಿ ಅಟ್ಲಾಸ್ ಕಾರ್ಯ 2014ರಿಂದ 2016ರವರೆಗೆ ನಡೆಯಿತು. ನೆರೆಯ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯದ ಪಕ್ಷಿ ಅಟ್ಲಾಸ್ ಸಿದ್ಧಪಡಿಸಿದರು. ಏರೋಪ್ಲೇನ್ ಚಿಟ್ಟೆಗಳ ವಿಷಯದಲ್ಲಿ ಇಂತಹ ಜಿಲ್ಲಾವಾರು ಪ್ರಯತ್ನ ಉತ್ತರ ಕರ್ನಾಟಕದ ಬಯಲುಸೀಮೆಗೆ ಇನ್ನೂ ಒದಗಬೇಕಾಗಿದೆ. ಲಭ್ಯ ದಾಖಲೆಗಳು ಪಶ್ಚಿಮ ಘಟ್ಟ ಮತ್ತು ದೊಡ್ಡ ನಗರಗಳ ಸುತ್ತ ದಟ್ಟವಾಗಿಯೂ, ಕೃಷ್ಣಾ–ಭೀಮಾ ನದಿಗಳ ನಡುವಣ ನೆಲದಲ್ಲಿ ವಿರಳವಾಗಿಯೂ ಇವೆ. ಇದು ಜೀವಿಗಳ ಹರವಿಗಿಂತ ಹೆಚ್ಚಾಗಿ ನೋಡುವವರ ಹರವನ್ನು ಹೇಳುತ್ತದೆ.

ಕಾನೂನಿನ ಚೌಕಟ್ಟು ಈಗಾಗಲೇ ಇದೆ. ಜೀವವೈವಿಧ್ಯ ಅಧಿನಿಯಮ, 2002ರ ಪ್ರಕಾರ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚನೆಯಾಗಬೇಕು. ಸ್ಥಳೀಯರ ನೆರವಿನಿಂದ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಅದರ ಮುಖ್ಯ ಹೊಣೆ. ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಇದರ ಹಿಂದಿವೆ. ಈ ದಾಖಲಾತಿಯ ನಮೂನೆಯಲ್ಲಿ ಸ್ಥಳೀಯ ಹೆಸರಿಗೆ ಅವಕಾಶವಿರುವುದು ಗಮನಾರ್ಹ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವನ್ನು ವಿಧಿಸಿದ ಮೇಲೆ ದೇಶದಾದ್ಯಂತ ಈ ಕೆಲಸಕ್ಕೆ ವೇಗ ಬಂದಿತು. ಆದರೆ ಗಡುವಿಗೆ ಸಿಕ್ಕಿದ ದಾಖಲಾತಿಗೂ ಋತುಮಾನವನ್ನು ಅನುಸರಿಸಿ ವರ್ಷವರ್ಷ ನಡೆಯುವ ದಾಖಲಾತಿಗೂ ವ್ಯತ್ಯಾಸವಿದೆ. ಮೊದಲನೆಯದು ಪಟ್ಟಿಯನ್ನು ಕೊಡುತ್ತದೆ. ಎರಡನೆಯದು ಮಾತ್ರ ಬದಲಾವಣೆಯನ್ನು ತೋರಿಸಬಲ್ಲದು.

ತಿಂಥಣಿಯ ಸುತ್ತಿನ ನೀರು ಮತ್ತು ನೆಲ

ಸುರಪುರದ ನೆಲಕ್ಕೆ ಹವ್ಯಾಸಿ ದಾಖಲೆಗಾರನ ಪರಂಪರೆ ಹೊಸದಲ್ಲ. 1841ರಿಂದ 1853ರವರೆಗೆ ಈ ಸಂಸ್ಥಾನದ ಆಡಳಿತದ ಹೊಣೆ ಹೊತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿನ ಬೃಹತ್ ಶಿಲಾಸಮಾಧಿಗಳನ್ನು ಗುರುತಿಸಿ, ಅಳತೆ ಮಾಡಿ, ವಿವರಗಳನ್ನು ಪ್ರಕಟಿಸಿದನು. ಆತ ವೃತ್ತಿಯಿಂದ ಪುರಾತತ್ವಜ್ಞನಲ್ಲ. ಆದರೂ ಆ ಬರಹಗಳಲ್ಲಿ ಸ್ಥಳ ನಿರ್ದಿಷ್ಟವಾಗಿದ್ದುದರಿಂದ ಮುಂದಿನ ವಿದ್ವಾಂಸರಿಗೆ ಅವು ಉಪಯುಕ್ತವಾದವು.

ಜೀವನೆಲೆಗಳ ದೃಷ್ಟಿಯಿಂದ ತಿಂಥಣಿಯ ಪರಿಸರ ವೈವಿಧ್ಯಮಯವಾಗಿದೆ. ಕಲ್ಲುಬಂಡೆಗಳ ನಡುವೆ ಹರಿಯುವ ಕೃಷ್ಣೆ, ಸುರಪುರದ ಗುಡ್ಡಗಳ ಮಳೆಹೊಂಡಗಳು, ಎರೆಭೂಮಿಯ ಹಳ್ಳಗಳು, ಹಳೆಯ ಬಾವಿಗಳು, ನಾಯಕ ಅರಸರ ಕಾಲದ ಬೋನಾಳ ಕೆರೆ — ಇವೆಲ್ಲ ಒಂದು ದಿನದ ದಾರಿಯೊಳಗಿವೆ. ಬೋನಾಳವು ಪಕ್ಷಿಧಾಮವಾಗಿ ಹೆಸರಾಗಿದೆ. ಅಲ್ಲಿಗೆ ಪಕ್ಷಿ ನೋಡಲು ಬರುವವರು ಅದೇ ಜೊಂಡಿನ ಮೇಲೆ ಕುಳಿತ ಕೀಟವನ್ನೂ ಬರೆದುಕೊಳ್ಳಬಹುದು. ಇವುಗಳ ಮೇಲೆ ಈಚಿನ ಒಂದು ಪದರ ಕೂಡಿಕೊಂಡಿದೆ. ಮೇಲ್ಹರಿವಿನ ನಾರಾಯಣಪುರದಲ್ಲಿ 1982ರಲ್ಲಿ ಬಸವಸಾಗರ ಜಲಾಶಯ ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸುರಪುರ ಮತ್ತು ಶಹಾಪುರ ತಾಲ್ಲೂಕುಗಳಲ್ಲಿ ಜೋಳ, ಸಜ್ಜೆಗಳ ಒಣಭೂಮಿ ಅನೇಕ ಕಡೆ ಭತ್ತದ ಗದ್ದೆಯಾಯಿತು. ಮಳೆಗಾಲದಲ್ಲಿ ಮಾತ್ರ ನಿಲ್ಲುತ್ತಿದ್ದ ನೀರು ತಿಂಗಳುಗಟ್ಟಲೆ ನಿಲ್ಲತೊಡಗಿತು. ನದಿಯ ಹರಿವು ಅಣೆಕಟ್ಟಿನ ಬಾಗಿಲಿಗೆ ಅಧೀನವಾಯಿತು. ಗದ್ದೆಯೊಂದಿಗೆ ಕೀಟನಾಶಕವೂ ಬಂದಿತು. ನಿಂತ ನೀರಿನ ಪ್ರಭೇದಗಳಿಗೆ ಹೊಸ ನೆಲೆ ದೊರೆತಿರಬೇಕು. ಹರಿವ ನೀರಿನವಕ್ಕೆ ಇಕ್ಕಟ್ಟಾಗಿರಬೇಕು. 1982ಕ್ಕೆ ಮುನ್ನ ಹತ್ತು ಊರುಗಳ ದಾಖಲೆಗಾರರು ಹತ್ತು ವರ್ಷ ಬರೆದಿಟ್ಟಿದ್ದರೆ ಈ ಊಹೆಯ ಜಾಗದಲ್ಲಿ ನಿರ್ಣಯವಿರುತ್ತಿತ್ತು. ಮುಂದಿನ ಬದಲಾವಣೆಗಾದರೂ ಆಧಾರರೇಖೆ ಬೇಕೆಂದರೆ ಅದನ್ನು ಈಗಲೇ ಎಳೆಯಬೇಕಾಗುತ್ತದೆ.

ಗಡಿಯ ಪ್ರಶ್ನೆಯೂ ಇಲ್ಲಿ ಪ್ರಸ್ತುತವಾಗಿದೆ. ಯಾದಗಿರಿ 2010ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರೆಯಾಯಿತು. ಮುಂದೆ ಸುರಪುರ ತಾಲ್ಲೂಕಿನಿಂದ ಹುಣಸಗಿ ಬೇರೆಯಾಯಿತು. 'ಗುಲಬರ್ಗಾ ಜಿಲ್ಲೆ, ಸುರಪುರ ತಾಲ್ಲೂಕು' ಎಂದಷ್ಟೇ ಬರೆದ ಹಳೆಯ ದಾಖಲೆ ಇಂದು ಎರಡು ತಾಲ್ಲೂಕುಗಳಲ್ಲಿ ಯಾವುದಕ್ಕೂ ಸಲ್ಲಬಹುದು. ವಾಟ್ಸನ್ನನ ಸ್ಥಿರ ಘಟಕಗಳ ಪ್ರಯೋಜನ ಇದರಿಂದ ಮನವರಿಕೆಯಾಗುತ್ತದೆ. ಐದು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತಾರದ ಈ ಜಿಲ್ಲೆಯನ್ನು 10 ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿದರೆ ಐವತ್ತಕ್ಕೂ ಹೆಚ್ಚು ಚೌಕಗಳಾಗುತ್ತವೆ. ಪ್ರತಿ ಚೌಕದಲ್ಲಿ ಒಂದಾದರೂ ಪ್ರೌಢಶಾಲೆಯ ಶಿಕ್ಷಕರೋ ಪದವಿ ವಿದ್ಯಾರ್ಥಿಗಳೋ ದೊರೆತರೆ ಕಾರ್ಯ ಅಸಾಧ್ಯವೇನಲ್ಲ.

ಹೆಸರುಗಳ ಸಮಸ್ಯೆ

ಏರೋಪ್ಲೇನ್ ಚಿಟ್ಟೆ ಎಂಬ ಹೆಸರು ಕನ್ನಡದಲ್ಲಿ ಎಷ್ಟು ನೆಲೆಯೂರಿದೆಯೆಂದರೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಒಂದು ಕೃತಿಯ ಶೀರ್ಷಿಕೆಯಲ್ಲಿಯೇ ಅದು ಸೇರಿದೆ. ಆದರೆ ಈ ಹೆಸರು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ವಿಮಾನ ಮೊದಲ ಬಾರಿಗೆ ಹಾರಿದ್ದು 1903ರಲ್ಲಿ. ಹೆಲಿಕಾಪ್ಟರ್ ಅದಕ್ಕಿಂತ ಈಚಿನದು. ಕೀಟವಾದರೋ ಮನುಷ್ಯನಿಗಿಂತ ಪ್ರಾಚೀನ. ಹಾಗಾದರೆ ಯಂತ್ರ ಬರುವ ಮುನ್ನ ಇದನ್ನು ಏನೆಂದು ಕರೆಯುತ್ತಿದ್ದರು? ಹೊಸ ಹೆಸರು ಬಂದು ಕುಳಿತಾಗ ಹಳೆಯ ಹೆಸರುಗಳು ಎದ್ದುಹೋಗಿರಬೇಕು, ಇಲ್ಲವೇ ಒಂದೊಂದು ಸೀಮೆಯ ಹಿರಿಯರ ಬಾಯಿಯಲ್ಲಿ ಮಾತ್ರ ಉಳಿದಿರಬೇಕು. ಪ್ರಭೇದಗಳನ್ನು ಬಣ್ಣ, ಗಾತ್ರ, ನೆಲೆಗಳಿಂದ ಬೇರ್ಪಡಿಸಿ ಕರೆಯುತ್ತಿದ್ದ ಹೆಸರುಗಳಿದ್ದಲ್ಲಿ, ಒಂದೇ ಹೆಸರು ಎಲ್ಲವನ್ನೂ ಆವರಿಸಿದಾಗ ಆ ವಿವೇಚನೆಯೂ ಅಳಿಯುತ್ತದೆ. ಪುಸ್ತಕಭಾಷೆಯ 'ಕೊಡತಿ ಕೀಟ' ಈ ನಷ್ಟವನ್ನು ತುಂಬಲಾರದು.

ನೆರೆಭಾಷೆಗಳನ್ನು ಗಮನಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ತಮಿಳು ಮತ್ತು ಮಲಯಾಳಗಳಲ್ಲಿ ಈ ಕೀಟಕ್ಕೆ 'ತುಂಬಿ' ಎಂಬ ಹೆಸರುಂಟು. ಕನ್ನಡದಲ್ಲಿ ತುಂಬಿ ಎಂದರೆ ಹೂವಿಗೆರಗುವ ದುಂಬಿ. ಬನವಾಸಿಯಲ್ಲಿ ಮರಿದುಂಬಿಯಾಗಿ ಹುಟ್ಟಲು ಹಂಬಲಿಸಿದ ಪಂಪನ ತುಂಬಿ ಏರೋಪ್ಲೇನ್ ಚಿಟ್ಟೆಯಲ್ಲ. ಒಂದೇ ಮೂಲದ ಮಾತು ಎರಡು ಭಾಷೆಗಳಲ್ಲಿ ಎರಡು ಜೀವಿಗಳನ್ನು ಹಿಡಿದುಕೊಂಡಿದೆ. ತೆಲುಗಿನಲ್ಲಿ ಇದು ತೂನೀಗ, ಮರಾಠಿಯಲ್ಲಿ ಚತುರ. ಕನ್ನಡದೊಂದಿಗೆ ತೆಲುಗು, ಮರಾಠಿ, ದಖನಿಗಳ ಒಡನಾಟವಿರುವ ಸುರಪುರ ಸೀಮೆಯಲ್ಲಿ ಹೆಸರುಗಳ ಹರವನ್ನು ಊರೂರಿಗೆ ಗುರುತಿಸಿದರೆ ಅದು ಭಾಷಾ ಭೂಗೋಳಕ್ಕೂ ಆಕರವಾಗುತ್ತದೆ. ಫಿನ್ಲೆಂಡಿನ ಕಾರ್ಲೆ ಕ್ರೋನ್ ಮೊದಲಾದವರು ಕಥೆಗಳ ಪಾಠಾಂತರಗಳನ್ನು ಚಾರಿತ್ರಿಕ–ಭೌಗೋಳಿಕ ವಿಧಾನದಿಂದ ನಕಾಶೆಗೆ ಇಳಿಸಿದಂತೆ ಹೆಸರುಗಳನ್ನೂ ಇಳಿಸಬಹುದಾಗಿದೆ.

ನಂಬಿಕೆ ಮತ್ತು ನಿರೀಕ್ಷಣೆ

ಈ ಕೀಟಗಳು ಗುಂಪುಗಟ್ಟಿ ತಗ್ಗಿನಲ್ಲಿ ಹಾರಿದರೆ ಮಳೆ ಬರುತ್ತದೆ ಎಂಬ ನಂಬಿಕೆ ನಾಡಿನ ಹಲವೆಡೆ ಇದೆ. ಇದನ್ನು ಮೂಢನಂಬಿಕೆಯೆಂದು ಬದಿಗಿಡುವ ಮುನ್ನ ಪ್ಯಾಂಟಲಾ ಫ್ಲಾವೆಸೆನ್ಸ್ ಎಂಬ ಪ್ರಭೇದದ ನಡವಳಿಕೆಯನ್ನು ಗಮನಿಸಬೇಕು. ಹೊಂಬಣ್ಣದ ಈ ಕೀಟ ಮಳೆಯಿಂದ ನಿಂತ ತಾತ್ಕಾಲಿಕ ಹೊಂಡಗಳಲ್ಲಿ ಮೊಟ್ಟೆಯಿಟ್ಟು, ಹೊಂಡ ಬತ್ತುವುದರೊಳಗೆ ಬೆಳೆದು, ಮಳೆಯ ಮಾರುತದೊಂದಿಗೆ ಮುಂದುವರಿಯುತ್ತದೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಳೆಗಾಲದ ನಂತರ ಇವು ಭಾರತದಿಂದ ಹೊರಟು ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾವನ್ನು ಸೇರುತ್ತವೆ. ಮುಂದಿನ ತಲೆಮಾರುಗಳು ಮರಳುತ್ತವೆ. ಈ ಸುತ್ತಿನ ಒಟ್ಟು ದೂರ 14,000ದಿಂದ 18,000 ಕಿಲೋಮೀಟರ್. 2012ರಲ್ಲಿ ರೆಕ್ಕೆಗಳ ಐಸೊಟೋಪು ಪರೀಕ್ಷೆಯಿಂದ ಮಾಲ್ಡೀವ್ಸ್‌ಗೆ ಬಂದವು ಉಪಖಂಡದ ಉತ್ತರ ಭಾಗದಲ್ಲಿ ಬೆಳೆದವೆಂಬುದಕ್ಕೆ ಆಧಾರ ದೊರೆಯಿತು. ಮೇಲ್ಮೈಯಲ್ಲಿ ಸಿಹಿನೀರು ಅಷ್ಟಾಗಿ ನಿಲ್ಲದ ಆ ದ್ವೀಪಗಳಲ್ಲಿ ಅಕ್ಟೋಬರಿನಲ್ಲಿ ಇಷ್ಟೊಂದು ಕೀಟಗಳು ಎಲ್ಲಿಂದ ಬರುತ್ತವೆ ಎಂಬುದೇ ಆಂಡರ್ಸನ್ನರ ಮೂಲಪ್ರಶ್ನೆಯಾಗಿತ್ತು. ಇವುಗಳ ಬರವು ಈಶಾನ್ಯ ಮಾರುತದ ಮುನ್ಸೂಚನೆ ಎಂಬುದನ್ನು ದ್ವೀಪದ ಜನ ಅದಕ್ಕೆ ಮೊದಲೇ ಅರಿತಿದ್ದರು.

ಮಾಲ್ಡೀವ್ಸ್‌ನ ಜನ ವರ್ಷವನ್ನು 13–14 ದಿನಗಳ 27 ನಕ್ಷತ್ರಾವಧಿಗಳಾಗಿ ಎಣಿಸುತ್ತಾರೆ. ಕನ್ನಡದ ರೈತನ ಮಳೆನಕ್ಷತ್ರಗಳ ಲೆಕ್ಕವೂ ಇದೇ. 'ಉತ್ತರೆ ಮಳೆಯಲ್ಲಿ ಬಂದವು' ಎಂದು ಹಿರಿಯರೊಬ್ಬರು ಹೇಳಿದರೆ ಅದು ಸುಮಾರಾಗಿ ಸೆಪ್ಟೆಂಬರ್ 13ರಿಂದ 26ರ ನಡುವಣ ಕಾಲ. 'ಚಿತ್ತೆಯಲ್ಲಿ' ಎಂದರೆ ಅಕ್ಟೋಬರಿನ ನಡುಭಾಗ. ಎರಡು ವಾರಗಳ ನಿಖರತೆ ಋತುಮಾನದ ಅಧ್ಯಯನಕ್ಕೆ ಸಾಕಷ್ಟಾಯಿತು. ಆದುದರಿಂದ ಜನಪದರ ಕಾಲಸೂಚನೆಯನ್ನು ದಾಖಲಾತಿಯ ನಮೂನೆಗೆ ನೇರವಾಗಿ ಅಳವಡಿಸಬಹುದು. ಆದರೆ ನಂಬಿಕೆಯನ್ನು ದಾಖಲಿಸುವುದು ಬೇರೆ, ನಿರೂಪಿಸುವುದು ಬೇರೆ. ಕೀಟಗಳು ಹಾರಿದ ದಿನಗಳನ್ನೂ ಮಳೆ ಬಂದ ದಿನಗಳನ್ನೂ, ಹಾರಿದರೂ ಮಳೆ ಬಾರದ ದಿನಗಳನ್ನೂ ಒಟ್ಟಿಗೆ ಬರೆದಿಟ್ಟಾಗ ಮಾತ್ರ ನಂಬಿಕೆಯ ಸತ್ಯಾಂಶವೆಷ್ಟು ಎಂಬುದು ತಿಳಿಯುತ್ತದೆ.

ಎರಡು ನಕಾಶೆಗಳ ಸಂಯೋಜನೆ

ಮೇಲಿನ ವಿವೇಚನೆಯ ಹಿನ್ನೆಲೆಯಲ್ಲಿ ಯಾದಗಿರಿ ಜಿಲ್ಲೆಯ ದಾಖಲಾತಿಯ ನಮೂನೆಗೆ ಮೂರು ಅಂಕಣಗಳು ಹೆಚ್ಚಾಗಿ ಸೇರಬೇಕಾಗುತ್ತದೆ: ಆ ಊರಿನಲ್ಲಿ ಬಳಕೆಯಲ್ಲಿರುವ ಹೆಸರು, ಮಳೆನಕ್ಷತ್ರ, ಮತ್ತು ಹೇಳಿಕೆ ಅಥವಾ ಆಟ. ಕೀಟದ ಬಾಲಕ್ಕೆ ದಾರ ಕಟ್ಟಿ ಹಾರಿಸುವ ಮಕ್ಕಳ ಆಟ ಇಂದಿನ ದೃಷ್ಟಿಗೆ ಕ್ರೂರವೆನಿಸಬಹುದು. ಆದರೆ ಯಾವ ಕೀಟ ಎಲ್ಲಿ ಕೂರುತ್ತದೆ, ಹಿಂದಿನಿಂದ ಹೇಗೆ ಸಮೀಪಿಸಬೇಕು ಎಂಬ ಸೂಕ್ಷ್ಮ ಪರಿಜ್ಞಾನ ಆ ಆಟದಲ್ಲಿಯೇ ಬೆಳೆದು ಬಂದಿದೆ. ಹೆಸರನ್ನು ಕೇಳುವಾಗ ಛಾಯಾಚಿತ್ರ ಅಥವಾ ಜೀವಂತ ಕೀಟವನ್ನು ತೋರಿಸಿ ಕೇಳಬೇಕು. 'ಏರೋಪ್ಲೇನ್ ಚಿಟ್ಟೆಗೆ ನಿಮ್ಮಲ್ಲಿ ಏನಂತಾರೆ' ಎಂದು ಕೇಳಿದರೆ ಪ್ರಶ್ನೆಯೇ ಉತ್ತರವನ್ನು ಕೊಟ್ಟುಬಿಡುತ್ತದೆ. ಕನಿಷ್ಠ ಎರಡು ಬೇರೆ ಬೇರೆ ಪ್ರಭೇದಗಳನ್ನು ತೋರಿಸಿದಾಗ ಜನ ಅವುಗಳನ್ನು ಬೇರ್ಪಡಿಸಿ ಕರೆಯುತ್ತಾರೆಯೇ ಎಂಬುದು ಗೊತ್ತಾಗುತ್ತದೆ. ವಕ್ತೃಗಳ ಒಪ್ಪಿಗೆ ಪಡೆಯುವುದು ಮತ್ತು ಸಂಗ್ರಹಿಸಿದ ಹೆಸರುಗಳ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯತಿಗೆ ಮರಳಿಸುವುದು ಕ್ಷೇತ್ರಕಾರ್ಯದ ಧರ್ಮ.

ಈ ಕೆಲಸಕ್ಕೆ ತಿಂಥಣಿ ಸಹಜವಾದ ಆರಂಭಬಿಂದುವಾಗಬಲ್ಲದು. ಭರತ ಹುಣ್ಣಿಮೆಯ ಜಾತ್ರೆಗೆ ಹಲವು ಸೀಮೆಗಳ ಭಕ್ತರು ಹೊಳೆಯ ದಂಡೆಯಲ್ಲಿ ಸೇರುತ್ತಾರೆ. ಒಂದು ಚಿತ್ರಫಲಕವನ್ನು ಇಟ್ಟುಕೊಂಡು ಕುಳಿತ ಸಂಗ್ರಾಹಕನಿಗೆ ಹತ್ತಾರು ಊರುಗಳ ಹೆಸರುಗಳು ಕೆಲವೇ ದಿನಗಳಲ್ಲಿ ದೊರೆಯಬಹುದು. ಜೀವಿಗಳ ಎಣಿಕೆಗೆ ಮಾತ್ರ ಜಾತ್ರೆಯ ಕಾಲ ಸಾಲದು. ಮುಂಗಾರಿನ ಆರಂಭದಿಂದ ಹಿಂಗಾರು ಮುಗಿಯುವವರೆಗೆ ಅದೇ ದಂಡೆಗೆ, ಅದೇ ಕಾಲುವೆಗೆ, ಅದೇ ಬಂಡೆಹೊಂಡಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ಒಟ್ಟಾರೆಯಾಗಿ, ಸ್ವಯಂಸೇವಾ ದಾಖಲಾತಿ ಎಂಬುದು ಕೀಟಶಾಸ್ತ್ರಕ್ಕೆ ಮಾತ್ರ ಸೇರಿದ ವಿಧಾನವಲ್ಲ. ನೋಡಿದವರ ಮಾತಿಗೆ ಸ್ಥಳ, ಕಾಲ, ಹೆಸರುಗಳ ಆಧಾರವನ್ನು ಒದಗಿಸಿ ಅದನ್ನು ಜ್ಞಾನವಾಗಿ ಪರಿವರ್ತಿಸುವ ಕ್ರಮ ಅದು. ಜಾನಪದ ಶಾಸ್ತ್ರವೂ ಅದನ್ನೇ ಮಾಡುತ್ತ ಬಂದಿದೆ. ಪ್ರಭೇದಗಳ ನಕಾಶೆಯಲ್ಲಿ ಖಾಲಿ ಉಳಿದ ಚೌಕವನ್ನು ಮುಂದಿನ ಮಳೆಗಾಲದಲ್ಲಿ ತುಂಬಬಹುದು. ಹೆಸರುಗಳ ನಕಾಶೆಗೆ ಆ ಅನುಕೂಲವಿಲ್ಲ. ಹಳೆಯ ಹೆಸರನ್ನು ಬಲ್ಲ ಹಿರಿಯರು ಇಲ್ಲವಾದ ಮೇಲೆ ಆ ಚೌಕ ಖಾಲಿಯಾಗಿಯೇ ಉಳಿಯುತ್ತದೆ. ಆದುದರಿಂದ ಎರಡು ಕೆಲಸಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಹೆಸರುಗಳ ಸಂಗ್ರಹಕ್ಕೇ ಆದ್ಯತೆ ಸಲ್ಲಬೇಕಾಗುತ್ತದೆ.